ಕಲ್ಲು ಅಂದುಕೊಂಡ ನೋವು: ಅಂಕೋಲಾದ ಒಂದು ಇಲಿಯಾಕ್ ಅನ್ಯೂರಿಸಂ ಪ್ರಕರಣ

ಅನ್ಯೂರಿಸಂ ಅಂದರೆ ರಕ್ತನಾಳ ಒಂದು ಕಡೆ ಉಬ್ಬಿಕೊಳ್ಳುವುದು. ಇಲಿಯಾಕ್ ಅಂದರೆ ಕಿಬ್ಬೊಟ್ಟೆಯಲ್ಲಿ ಕಾಲಿನ ಕಡೆಗೆ ಇಳಿಯುವ ದೊಡ್ಡ ರಕ್ತನಾಳ. ರೋಗಿ 68 ವರ್ಷದ ಗಂಡಸು. ಅಂಕೋಲಾ ತಾಲೂಕಿನ ಒಂದು ಹಳ್ಳಿಯವರು. ಮೊದಲು ಲಾರಿ ಓಡಿಸುತ್ತಿದ್ದರು, ಈಗ ಮನೆ ಹಿತ್ತಲಲ್ಲಿ ತೆಂಗು, ಸ್ವಲ್ಪ ಗದ್ದೆ ನೋಡಿಕೊಂಡಿದ್ದಾರೆ. ಮೀಸೆ ಮೂಡುವ ವಯಸ್ಸಿನಿಂದ ಬೀಡಿ ಸೇದಿದವರು. ಬಿ.ಪಿ. ಇದೆ ಅಂತ ಹತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತು. ಮಾತ್ರೆ ತಗೊಳ್ಳುತ್ತಿದ್ದದ್ದು ತಲೆ ಭಾರ ಅನಿಸಿದ ದಿನ ಮಾತ್ರ. ಸಕ್ಕರೆ ಕಾಯಿಲೆ ಇಲ್ಲ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬರುವ ಹೊತ್ತಿಗೆ ನೋವು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಎಡಗಡೆ ಸೊಂಟದಲ್ಲಿ ಹುಟ್ಟಿ ತೊಡೆಸಂದಿಗೆ ಇಳಿಯುವ ನೋವು. ಕೆಲವು ದಿನ ತೊಡೆಯ ಹಿಂಬದಿಗೂ ಎಳೆಯುತ್ತಿತ್ತು. ಮೂತ್ರಕ್ಕೆ ಪದೇಪದೇ ಹೋಗಬೇಕು ಅನಿಸುವುದು, ಹೊಟ್ಟೆ ಸರಿಯಾಗಿ ಖಾಲಿಯಾಗದ ಹಾಗೆ ಅನಿಸುವುದು ಇತ್ತು. ಈ ನೋವಿಗೆ ಅಷ್ಟರೊಳಗೆ ಎರಡು ಹೆಸರು ಸಿಕ್ಕಿದ್ದವು. ಮೊದಲು ಕಿಡ್ನಿ ಕಲ್ಲು. ಬಾಳೆದಿಂಡಿನ ರಸ, ನೋವಿನ ಮಾತ್ರೆ, ದಿನಕ್ಕೆ ಎರಡು ತಂಬಿಗೆ ನೀರು ಜಾಸ್ತಿ. ಆಮೇಲೆ ಸಯಾಟಿಕಾ. ಅದಕ್ಕೆ ಬೆಲ್ಟು, ಎಣ್ಣೆ ಹಚ್ಚಿ ತಿಕ್ಕಿಸುವುದು. ಎರಡೂ ಊಹೆ ತೀರಾ ಅಸಂಬದ್ಧ ಅಲ್ಲ. ಕರಾವಳಿಯ ಬೆವರಿನಲ್ಲಿ ದುಡಿಯುವವರಿಗೆ ಕಲ್ಲು ಆಗುವುದು ಹೊಸದೇನಲ್ಲ. ವರ್ಷಗಟ್ಟಲೆ ಲಾರಿ ಓಡಿಸಿದವರಿಗೆ ಸೊಂಟದ ನರ ಹಿಡಿಯುವುದೂ ಹೌದು.

ಆದರೆ ಮೂರು ಸಂಗತಿ ಈ ಎರಡು ಹೆಸರಿಗೂ ಹೊಂದುತ್ತಿರಲಿಲ್ಲ. ಒಂದು, ಎಡಗಾಲು ಮಾತ್ರ ಊದಿಕೊಂಡಿತ್ತು, ಪಾದದಿಂದ ತೊಡೆಯವರೆಗೆ. ಕಲ್ಲಾಗಲಿ ಸಯಾಟಿಕಾ ಆಗಲಿ ಕಾಲನ್ನು ಹಾಗೆ ಊದಿಸುವುದಿಲ್ಲ. ಎರಡು, ಈ ಮನುಷ್ಯರಿಗೆ ಜೀವಮಾನದಲ್ಲಿ ಇದಕ್ಕಿಂತ ಮೊದಲು ಕಲ್ಲು ಆಗಿದ್ದೇ ಇಲ್ಲ. 68ನೇ ವಯಸ್ಸಿನಲ್ಲಿ ಮೊದಲ ಸಲ ಕಲ್ಲಿನ ನೋವು ಅಂದಾಗ, ಅದರಲ್ಲೂ ಬೀಡಿ ಸೇದುವ ಗಂಡಸು ಅಂದಾಗ, ದೊಡ್ಡ ರಕ್ತನಾಳವನ್ನು ಒಮ್ಮೆ ನೋಡಲೇಬೇಕು. ವೈದ್ಯಕೀಯ ಪುಸ್ತಕಗಳೆಲ್ಲ ಹೇಳುವ ಮಾತು ಇದು, ಆದರೆ ಹೊರರೋಗಿಗಳ ಸಾಲು ಬಾಗಿಲು ದಾಟಿ ನಿಂತಾಗ ಸುಲಭವಾಗಿ ಬಿಟ್ಟುಹೋಗುತ್ತದೆ. ಮೂರು, ಅವರು ತೆಳ್ಳಗಿನ ಆಳು. ಎಡಗಡೆ ಕಿಬ್ಬೊಟ್ಟೆಯನ್ನು ನಿಧಾನ ಒತ್ತಿದಾಗ ಆಳದಲ್ಲಿ ಏನೋ ಮಿಡಿಯುತ್ತಿತ್ತು. ಗುದದ್ವಾರದ ಪರೀಕ್ಷೆ ಮಾಡಿದಾಗ ಎಡಗಡೆ ಮೇಲ್ಭಾಗದಲ್ಲಿ ಅದೇ ಮಿಡಿತ ಬೆರಳಿನ ತುದಿಗೆ ತಾಗಿತು.

ನಾಡಿ 88, ಬಿ.ಪಿ. 170/100. ಎರಡೂ ಪಾದದಲ್ಲಿ ನಾಡಿ ಚೆನ್ನಾಗಿ ಸಿಗುತ್ತಿತ್ತು. ಜ್ವರ ಇಲ್ಲ. ಅವತ್ತೇ ಅಲ್ಟ್ರಾಸೌಂಡ್ ಮಾಡಿಸಿದೆವು. ಕಿಡ್ನಿ, ಮೂತ್ರಚೀಲ ಮಾತ್ರ ನೋಡಿ ಮುಗಿಸಬೇಡಿ, ಹೊಟ್ಟೆಯ ದೊಡ್ಡ ರಕ್ತನಾಳದಿಂದ ತೊಡೆಸಂದಿವರೆಗೆ ನೋಡಿ ಅಂತ ಚೀಟಿಯಲ್ಲೇ ಬರೆದಿದ್ದೆ. ಎಡ ಕಿಡ್ನಿ ಊದಿತ್ತು, ಕಲ್ಲು ಎಲ್ಲೂ ಇರಲಿಲ್ಲ. ಮೂತ್ರನಾಳ ಕೆಳಗೆ ಎಲ್ಲಿ ಒತ್ತಿಕೊಂಡಿತ್ತೋ ಅಲ್ಲೇ ಎಡ ಇಲಿಯಾಕ್ ರಕ್ತನಾಳ 4.6 ಸೆಂ.ಮೀ. ಅಗಲಕ್ಕೆ ಉಬ್ಬಿ ಕೂತಿತ್ತು. ಗೋಡೆಯ ಒಳಬದಿಗೆ ಹೆಪ್ಪುಗಟ್ಟಿದ ರಕ್ತ, ನಡುವೆ ಹರಿಯುವ ರಕ್ತ.

ಎಲ್ಲಿದೆ ಈ ರಕ್ತನಾಳ

ಹೃದಯದಿಂದ ಹೊರಟ ಮಹಾಧಮನಿ ಬೆನ್ನುಮೂಳೆಗೆ ಅಂಟಿಕೊಂಡು ಕೆಳಗಿಳಿಯುತ್ತದೆ. ಹೊಕ್ಕುಳದ ಆಸುಪಾಸಿನಲ್ಲಿ, ಸೊಂಟದ ನಾಲ್ಕನೇ ಮೂಳೆಯ ಎದುರು, ಅದು ಎರಡಾಗುತ್ತದೆ. ಇವೇ ಎಡ, ಬಲ ಕಾಮನ್ ಇಲಿಯಾಕ್ ಧಮನಿಗಳು. ಒಂದೊಂದೂ ಮತ್ತೆ ಎರಡಾಗುತ್ತದೆ. ಹೊರ ಕವಲು ಕಾಲಿಗೆ ಹೋಗುತ್ತದೆ. ಒಳ ಕವಲು ಕಿಬ್ಬೊಟ್ಟೆಯ ಆಳಕ್ಕೆ ಇಳಿದು ಮೂತ್ರಚೀಲ, ಗುದನಾಳ, ಜನನಾಂಗ, ಕುಂಡಿಯ ಸ್ನಾಯು ಇವಕ್ಕೆಲ್ಲ ರಕ್ತ ಕೊಡುತ್ತದೆ. ಮೂತ್ರನಾಳ ಸರಿಯಾಗಿ ಈ ಕವಲೊಡೆಯುವ ಜಾಗದ ಮೇಲೆ ಹಾದು ಹೋಗುತ್ತದೆ. ಪಕ್ಕದಲ್ಲೇ ಕಾಲಿನಿಂದ ರಕ್ತ ವಾಪಸ್ ತರುವ ಅಭಿಧಮನಿ. ಹಿಂದುಗಡೆ ಕಾಲಿಗೆ ಹೋಗುವ ನರಗಳ ಗುಂಪು. ಈಗ ರೋಗಿಯ ದೂರುಗಳನ್ನು ಇನ್ನೊಮ್ಮೆ ಓದಿ ನೋಡಿ. ಕಿಡ್ನಿ ಊದಿದ್ದು, ಕಾಲು ಬಾತದ್ದು, ತೊಡೆ ಹಿಂದೆ ಎಳೆತ, ಮಲ ಪೂರ್ತಿ ಆಗದ ಹಾಗೆ ಅನಿಸಿದ್ದು, ಎಲ್ಲಕ್ಕೂ ಒಂದೇ ಉಬ್ಬು ಕಾರಣ.

ಗಂಡಸರಲ್ಲಿ ಕಾಮನ್ ಇಲಿಯಾಕ್ ಸುಮಾರು 1.2 ಸೆಂ.ಮೀ. ಅಗಲ ಇರುತ್ತದೆ. ಸಹಜ ಅಳತೆಯ ಒಂದೂವರೆ ಪಟ್ಟು ದಾಟಿದರೆ ಅನ್ಯೂರಿಸಂ ಅನ್ನುತ್ತೇವೆ. ಅಂದರೆ ಗಂಡಸರಲ್ಲಿ 1.8, ಹೆಂಗಸರಲ್ಲಿ 1.5 ಸೆಂ.ಮೀ.ಗಿಂತ ಮೇಲೆ. ಗೋಡೆ ಸವೆದ ಜಾಗದಲ್ಲಿ ಹಳೇ ಸೈಕಲ್ ಟ್ಯೂಬ್ ಉಬ್ಬುತ್ತದಲ್ಲ, ಹಾಗೆ. ಉಬ್ಬಿದಷ್ಟೂ ಗೋಡೆ ಮೇಲಿನ ಎಳೆತ ಜಾಸ್ತಿ, ಎಳೆತ ಜಾಸ್ತಿಯಾದಷ್ಟೂ ಮತ್ತೆ ಉಬ್ಬು. ಹೆಚ್ಚಿನವರಲ್ಲಿ ಇದು ಹೊಟ್ಟೆಯ ಮಹಾಧಮನಿಯ ಉಬ್ಬಿನ ಜೊತೆಗೇ ಇರುತ್ತದೆ. ಇವರ ಹಾಗೆ ಇಲಿಯಾಕ್‌ನಲ್ಲಿ ಮಾತ್ರ ಇರುವುದು ಅಪರೂಪ. ಹೊಟ್ಟೆ ಮತ್ತು ಇಲಿಯಾಕ್ ಭಾಗದ ಅನ್ಯೂರಿಸಂಗಳನ್ನೆಲ್ಲ ಸೇರಿಸಿ ಎಣಿಸಿದರೂ ನೂರಕ್ಕೆ ಎರಡಕ್ಕಿಂತ ಕಡಿಮೆ. ಇಂಥವುಗಳಲ್ಲಿ ಕಾಮನ್ ಇಲಿಯಾಕ್‌ನ ಪಾಲೇ ದೊಡ್ಡದು, ಒಳ ಕವಲಿನದು ಆಮೇಲೆ, ಹೊರ ಕವಲಿನಲ್ಲಿ ತೀರಾ ವಿರಳ. ವಯಸ್ಸು, ಬೀಡಿ ಸಿಗರೇಟು, ಬಿ.ಪಿ., ಮನೆತನದಲ್ಲಿ ಇರುವುದು ಮುಖ್ಯ ಕಾರಣಗಳು. ಕೆಲವೊಮ್ಮೆ ರಕ್ತದಲ್ಲಿ ಸೋಂಕು ಹರಡಿ ನಾಳದ ಗೋಡೆ ಕೆಡುವುದೂ ಉಂಟು. ಆಗ ಜ್ವರ ಇರುತ್ತದೆ, ಚಿಕಿತ್ಸೆಯ ದಾರಿಯೇ ಬೇರೆ. ಇವರ ರಕ್ತ ಪರೀಕ್ಷೆಯಲ್ಲಿ ಸೋಂಕಿನ ಸುಳಿವು ಇರಲಿಲ್ಲ.

ಅವತ್ತೇ ಯಾಕೆ ಕಳಿಸಿದ್ದು

3 ಸೆಂ.ಮೀ. ಒಳಗಿನ ಇಲಿಯಾಕ್ ಉಬ್ಬು ವರ್ಷಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಅದು ದಾಟಿದ ಮೇಲೆ ಬೆಳೆಯುವ ವೇಗ ಹೆಚ್ಚುತ್ತದೆ. ನೋವಿಲ್ಲದ ಉಬ್ಬಿಗೆ ಬಹುಕಾಲದಿಂದ 3ರಿಂದ 3.5 ಸೆಂ.ಮೀ.ಗೆ ಆಪರೇಷನ್ ಯೋಚನೆ ಮಾಡುತ್ತಾ ಬಂದಿದ್ದಾರೆ. 4ರವರೆಗೂ ಕಾಯಬಹುದು ಎನ್ನುವ ತಜ್ಞರೂ ಇದ್ದಾರೆ. ನಮ್ಮ ರೋಗಿಯದು 4.6, ಅದೂ ನೋವಿರುವ ಉಬ್ಬು. ನೋವು ಬಂದ ಅನ್ಯೂರಿಸಂ ಅಂದರೆ ಒಡೆಯುವ ದಾರಿಯಲ್ಲಿದೆ ಅಂತಲೇ ತಿಳಿದು ನಡೆಯಬೇಕು. ಅದಕ್ಕೆ ಕಾಯುವ ಲೆಕ್ಕಾಚಾರ ಇಲ್ಲ.

ಮನೆಯವರಿಗೆ ಇದನ್ನು ಹೇಳುವುದು ಸುಲಭ ಇರಲಿಲ್ಲ. ನಾಲ್ಕು ತಿಂಗಳು ಓಡಾಡಿಕೊಂಡೇ ಇದ್ದ ಮನುಷ್ಯ, ಅವತ್ತು ಬೆಳಿಗ್ಗೆ ಕೂಡ ತಾವೇ ನಡೆದು ಬಸ್ಸು ಹತ್ತಿ ಬಂದವರು. "ಈಗ ನೋವು ಕಮ್ಮಿ ಇದೆಯಲ್ಲ ಡಾಕ್ಟ್ರೇ, ಮಳೆ ಒಂಚೂರು ನಿಂತ ಮೇಲೆ ಹೋದ್ರೆ ಆಗೂದಿಲ್ವಾ?" ಅಂತ ಅವರ ಹೆಂಡತಿ ಕೇಳಿದರು. ಜುಲೈ ತಿಂಗಳು, ನಾಟಿ ಅರ್ಧ ಆಗಿತ್ತು. ನಾನು ಒಂದು ಹಾಳೆಯ ಮೇಲೆ ರಕ್ತನಾಳದ ಚಿತ್ರ ಬರೆದು ತೋರಿಸಿದೆ. "ಅಮ್ಮಾ, ಇದು ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆಮೇಲೆ ಗಾಡಿ ಎಷ್ಟು ಜೋರಾಗಿ ಹೋದರೂ ಸಾಲುವುದಿಲ್ಲ" ಅಂದೆ. ಮಗ ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದ. "ಅಪ್ಪನ್ನ ಇವತ್ತೇ ಕರ್ಕೊಂಡು ಹೋಗ್ತೆ" ಅಂದ.

ದೊಡ್ಡ ಆಸ್ಪತ್ರೆಗಳು ಎಷ್ಟು ದೂರ ಅನ್ನುವ ಮಾತು ಇಲ್ಲಿ ಬರಲೇಬೇಕು. ಅಂಕೋಲಾದಿಂದ ಮಣಿಪಾಲ 150 ಕಿ.ಮೀ.ಗೂ ಮೇಲೆ. ಹುಬ್ಬಳ್ಳಿಗೆ ಹೋಗಬೇಕಾದರೆ ಅರಬೈಲು ಘಟ್ಟ ಹತ್ತಬೇಕು. ಗೋವಾದ ಬಾಂಬೋಳಿಗೆ ಹೋಗಬೇಕಾದರೆ ಕಾರವಾರ ದಾಟಿ ಇನ್ನೊಂದು ರಾಜ್ಯಕ್ಕೆ. ಯಾವ ದಿಕ್ಕಿಗೆ ಹೋದರೂ ಮೂರು ಗಂಟೆಯ ಹತ್ತಿರದ ಲೆಕ್ಕ, ಅದೂ ರಸ್ತೆ ತೆರೆದಿದ್ದರೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಬಂದ್ ಆಗಿತ್ತು. ನಮ್ಮ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ. ಒಡೆದ ಇಲಿಯಾಕ್ ಅನ್ಯೂರಿಸಂನಲ್ಲಿ ಆಪರೇಷನ್ ಟೇಬಲ್ ತನಕ ಮುಟ್ಟಿದವರಲ್ಲೂ ಬಹಳ ಮಂದಿ ಉಳಿಯುವುದಿಲ್ಲ. ನಮ್ಮ ಕಡೆಯವರಿಗೆ ಆ ಟೇಬಲ್ ಮುಟ್ಟುವುದೇ ಕಷ್ಟ. ಹಾಗಾಗಿ ಒಡೆಯುವ ಮೊದಲು ಪತ್ತೆಯಾದರೆ ಮಾತ್ರ ನಮಗೆ ಅವಕಾಶ. ಆ ಪತ್ತೆ ತಾಲೂಕಿನ ಮಟ್ಟದಲ್ಲೇ, ಒಂದು ಸಾದಾ ಅಲ್ಟ್ರಾಸೌಂಡ್ ಯಂತ್ರದಲ್ಲೇ ಆಗಬಹುದು ಅನ್ನುವುದಕ್ಕೆ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಕಳಿಸುವ ಮೊದಲು ನಾವು ಮಾಡಿದ್ದು ಸ್ವಲ್ಪವೇ. ನೋವು ಕಡಿಮೆ ಮಾಡಿದೆವು, ಬಿ.ಪಿ. ನಿಧಾನ ಇಳಿಸಿದೆವು, ಎರಡೂ ಕೈಗೆ ಸೂಜಿ ಹಾಕಿ ಇಟ್ಟೆವು, ರಕ್ತದ ಗುಂಪು ನೋಡಿಸಿದೆವು. ದಕ್ಷಿಣಕ್ಕೆ ಒಂದು ದೊಡ್ಡ ಆಸ್ಪತ್ರೆಯ ರಕ್ತನಾಳ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಅಳತೆ ಹೇಳಿ, ಸ್ಕ್ಯಾನ್ ಚಿತ್ರ ಮೊಬೈಲಿನಲ್ಲೇ ಕಳಿಸಿದೆವು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆ ಪತ್ರಕ್ಕೆ ಮಗ ಓಡಾಡುತ್ತಿರುವಾಗಲೇ ಆಂಬುಲೆನ್ಸ್ ಸಿದ್ಧ ಮಾಡಿದೆವು.

ಸಿಟಿ ಆಂಜಿಯೋ, ಮತ್ತು ಒಂದು ಕಷ್ಟದ ಆಯ್ಕೆ

ಆ ದೊಡ್ಡ ಆಸ್ಪತ್ರೆಯಲ್ಲಿ ಮುಂದಿನ ಹೆಜ್ಜೆ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸಿಟಿ ಸ್ಕ್ಯಾನ್. ಅದಕ್ಕೆ ರಕ್ತನಾಳದಲ್ಲಿ ಬಣ್ಣದ ದ್ರವ ಬಿಡಬೇಕು. ಅದು ಕಿಡ್ನಿಗೆ ಹೊರೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಕ್ರಿಯಾಟಿನಿನ್ ಇವರಲ್ಲಿ 1.8 ಇತ್ತು, ಅಂದರೆ ಕಿಡ್ನಿ ಆಗಲೇ ಸೋತಿತ್ತು. ಆದರೂ ಈ ಚಿತ್ರ ಇಲ್ಲದೆ ಮುಂದೆ ಹೋಗುವ ಹಾಗಿಲ್ಲ. ಉಬ್ಬಿನ ಮೇಲೆ ಕೆಳಗೆ ಒಳ್ಳೇ ಗೋಡೆ ಎಷ್ಟು ಉಳಿದಿದೆ, ಒಳ ಕವಲು ಹೇಗಿದೆ, ಬಲಗಡೆ ಏನಾಗಿದೆ, ಎಲ್ಲೂ ರಕ್ತ ಸೋರಿಲ್ಲವಲ್ಲ, ಎಲ್ಲ ಅದರಲ್ಲೇ ಗೊತ್ತಾಗಬೇಕು. ಸಲೈನ್ ಕೊಟ್ಟು, ದ್ರವದ ಪ್ರಮಾಣ ಆದಷ್ಟು ಇಳಿಸಿ ಮಾಡಿದರು. ಸೋರಿಕೆ ಇರಲಿಲ್ಲ. ಮಹಾಧಮನಿ ಸಹಜ ಅಳತೆಯಲ್ಲೇ ಇತ್ತು. ಬಲ ಇಲಿಯಾಕ್ 1.6, ಸ್ವಲ್ಪ ಅಗಲ, ಆದರೆ ಅದರ ಒಳ ಕವಲು ಆರೋಗ್ಯವಾಗಿತ್ತು. ಎಡಗಡೆ ಉಬ್ಬು ಶುರುವಾಗುವ ಮೊದಲು 2 ಸೆಂ.ಮೀ.ಯಷ್ಟು ಒಳ್ಳೇ ನಾಳ ಇತ್ತು. ಕೆಳಗೆ ಉಬ್ಬು ಸರಿಯಾಗಿ ಕವಲಿನ ತನಕ ಬಂದಿತ್ತು. ಎಡ ಒಳ ಕವಲಿನ ಬಾಯಿ ಸುಣ್ಣಗಟ್ಟಿ ಕಿರಿದಾಗಿತ್ತು. ಕಾಲಿನ ಅಭಿಧಮನಿ ಒತ್ತಿಕೊಂಡಿತ್ತು, ಒಳಗೆ ಹೆಪ್ಪು ಕಟ್ಟಿರಲಿಲ್ಲ.

ಮೂತ್ರರೋಗ ತಜ್ಞರು ಮೊದಲು ಎಡ ಮೂತ್ರನಾಳಕ್ಕೆ ಡಿಜೆ ಸ್ಟೆಂಟ್, ಅಂದರೆ ಮೂತ್ರ ಇಳಿಯಲು ದಾರಿ ಮಾಡುವ ಸಣ್ಣ ಕೊಳವೆ ಹಾಕಿದರು. ಎರಡು ದಿನದಲ್ಲಿ ಕ್ರಿಯಾಟಿನಿನ್ ಇಳಿಯತೊಡಗಿತು.

ಆಮೇಲೆ ಬಂದದ್ದು ನಿಜವಾದ ಚರ್ಚೆ. ನನಗೆ ಫೋನಿನಲ್ಲಿ ವಿವರವಾಗಿ ಹೇಳಿದರು. ಇಲ್ಲಿ ಎರಡೂ ಪಕ್ಷದಲ್ಲಿ ಸತ್ಯ ಇತ್ತು.

ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲಿ ಉಬ್ಬಿದ ಭಾಗ ಸೀಳಿ, ಹೆಪ್ಪು ತೆಗೆದು, ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಒತ್ತಡ ಕೂಡಲೇ ಇಳಿಯುತ್ತದೆ. ಮೂತ್ರನಾಳ, ನರ, ಅಭಿಧಮನಿ ಮೂರನ್ನೂ ಒತ್ತುತ್ತಿರುವ ಇಂಥ ಉಬ್ಬಿಗೆ ಇದು ದೊಡ್ಡ ಲಾಭ. ಹಲವು ದಶಕ ಬಾಳುವ ದುರಸ್ತಿ, ಆಮೇಲೆ ಸ್ಕ್ಯಾನ್ ಕಾಟವೂ ಕಡಿಮೆ. ಆದರೆ ಕಿಬ್ಬೊಟ್ಟೆಯ ಆಳದಲ್ಲಿ ಕೆಲಸ, ಅಭಿಧಮನಿ ಅಂಟಿಕೊಂಡಿರುತ್ತದೆ, ಅದು ಹರಿದರೆ ರಕ್ತ ನಿಲ್ಲಿಸುವುದು ಬಹಳ ಕಷ್ಟ. ಐವತ್ತು ವರ್ಷ ಬೀಡಿ ಸೇದಿದ ಶ್ವಾಸಕೋಶ ಬೇರೆ. ಉಸಿರಾಟದ ಪರೀಕ್ಷೆಯ ಫಲಿತಾಂಶ ನೋಡಿ ಅರಿವಳಿಕೆ ವೈದ್ಯರು ಪೂರ್ತಿ ಪ್ರಜ್ಞೆ ತಪ್ಪಿಸುವುದಕ್ಕೆ ಹಿಂದೇಟು ಹಾಕಿದರು.

ಇನ್ನೊಂದು ದಾರಿ ತೊಡೆಸಂದಿಯಿಂದ ತಂತಿ ಹಾಯಿಸಿ, ಬಟ್ಟೆ ಹೊದಿಸಿದ ಲೋಹದ ಕೊಳವೆಯನ್ನು ಒಳಗೇ ಕೂರಿಸುವುದು. ಇದಕ್ಕೆ ಸ್ಟೆಂಟ್ ಗ್ರಾಫ್ಟ್ ಅನ್ನುತ್ತಾರೆ. ಮಹಾಧಮನಿಯಲ್ಲಿ ಈ ಕೆಲಸ ಶುರುವಾಗಿ ಮೂರು ದಶಕದ ಮೇಲಾಯಿತು. ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊದೋಸ್ 1987ರಲ್ಲಿ ಮಾಡಿದರು. ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ 1990ರಲ್ಲಿ ಹೊಟ್ಟೆಯ ಅನ್ಯೂರಿಸಂಗೆ ಮಾಡಿದ ಮೇಲೆ ಜಗತ್ತಿಗೆಲ್ಲ ಹರಡಿತು. ಹೊಟ್ಟೆ ಕೊಯ್ಯುವುದಿಲ್ಲ, ಸೊಂಟಕ್ಕೆ ಅರಿವಳಿಕೆ ಸಾಕು, ಮೂರ್ನಾಲ್ಕು ದಿನದಲ್ಲಿ ಮನೆ. ಕೊರತೆ ಏನೆಂದರೆ ಉಬ್ಬು ಅಲ್ಲೇ ಇರುತ್ತದೆ. ರಕ್ತದ ಒತ್ತಡ ನಿಂತ ಮೇಲೆ ಅದು ತಿಂಗಳುಗಟ್ಟಲೆ ತಗೊಂಡು ನಿಧಾನ ಕುಗ್ಗಬೇಕು, ಕೆಲವರಲ್ಲಿ ಕುಗ್ಗುವುದೇ ಇಲ್ಲ. ಅಲ್ಲಿಯವರೆಗೆ ಮೂತ್ರನಾಳದ ಗತಿ ಡಿಜೆ ಸ್ಟೆಂಟ್ ಮೇಲೆಯೇ.

ಒಳ ಕವಲಿನ ಪ್ರಶ್ನೆಯೂ ಇತ್ತು. ಉಬ್ಬು ಕವಲಿನ ತನಕ ಬಂದಿದ್ದರಿಂದ ಕೊಳವೆಯ ಕೆಳತುದಿಯನ್ನು ಹೊರ ಕವಲಿನಲ್ಲಿ ಊರಬೇಕು. ಆಗ ಒಳ ಕವಲಿನ ಬಾಯಿ ಮುಚ್ಚುತ್ತದೆ. ಅದನ್ನು ಉಳಿಸಲು ಕವಲಿರುವ ವಿಶೇಷ ಸ್ಟೆಂಟ್ ಇದೆ. ಇವರಲ್ಲಿ ಬಾಯಿ ಸುಣ್ಣಗಟ್ಟಿದ್ದರಿಂದ ಅದು ಕೂರುವುದು ಅನುಮಾನ. ಎರಡೂ ಬದಿಯ ಒಳ ಕವಲು ಮುಚ್ಚಿದರೆ ಕುಂಡಿಯ ಸ್ನಾಯುವಿಗೆ, ಕರುಳಿನ ಕೊನೆ ಭಾಗಕ್ಕೆ ರಕ್ತ ಸಾಲದೆ ಅಪಾಯ. ಲೈಂಗಿಕ ಶಕ್ತಿಯೂ ಕುಂದಬಹುದು. ಒಂದೇ ಬದಿಯಾದರೆ ಇನ್ನೊಂದು ಬದಿ ಸಾಮಾನ್ಯವಾಗಿ ಸುಧಾರಿಸುತ್ತದೆ. ಬಲಗಡೆ ಒಳ್ಳೇದಿತ್ತು. ಎಡ ಮುಚ್ಚುವುದು, ಸ್ಟೆಂಟ್ ಗ್ರಾಫ್ಟ್ ಹಾಕುವುದು ಅಂತ ನಿರ್ಧಾರವಾಯಿತು. ನನಗೂ ಅದೇ ಸರಿ ಅನಿಸಿತು. ಐವತ್ತೈದು ವರ್ಷದ, ಶ್ವಾಸಕೋಶ ಗಟ್ಟಿ ಇರುವ ರೋಗಿಯಾಗಿದ್ದರೆ ನಾನು ತೆರೆದ ಆಪರೇಷನ್ ಪರವಾಗಿಯೇ ಮಾತಾಡುತ್ತಿದ್ದೆ.

ಮುಚ್ಚಿದ ಮೇಲೆ ನಡೆಯುವಾಗ ಕುಂಡಿಯಲ್ಲಿ ನೋವು ಬರಬಹುದು, ಲೈಂಗಿಕ ತೊಂದರೆ ಆಗಬಹುದು ಅಂತ ಆಪರೇಷನ್‌ಗೆ ಮೊದಲೇ ರೋಗಿಗೆ ಹೇಳಿದರು. 68 ವರ್ಷದವರಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಅಂತ ಕೆಲವರು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ಅದು ಅವರ ದೇಹ, ಅವರ ಸಂಸಾರ. ಗೊತ್ತಿದ್ದು ಒಪ್ಪಿಕೊಳ್ಳುವ ಹಕ್ಕು ಅವರದು.

ಆಪರೇಷನ್ ಸುಸೂತ್ರ ಆಯಿತು. ಒಳ ಕವಲಿನ ಬಾಯಿಯ ಹತ್ತಿರವೇ ಪ್ಲಗ್ ಕೂರಿಸಿದರು. ತೀರಾ ಆಳಕ್ಕೆ ಹೋಗಿ ಸಣ್ಣ ಕವಲುಗಳನ್ನು ಮುಚ್ಚಿದರೆ ಪಕ್ಕದ ನಾಳಗಳಿಂದ ರಕ್ತ ಬರುವ ದಾರಿಯೂ ಕಟ್ಟುತ್ತದೆ, ಅದಕ್ಕೆ. ನಾಲ್ಕನೇ ದಿನ ಊರಿಗೆ ಬಂದರು.

ಆಮೇಲೆ ಏನಾಯಿತು

ಮೊದಲ ತಿಂಗಳು ಅವರಿಗೆ ಸಮಾಧಾನ ಇರಲಿಲ್ಲ. ಕಾಲಿನ ಊತ ಇಳಿದಿತ್ತು, ತೊಡೆಸಂದಿಯ ನೋವು ಹೋಗಿತ್ತು. ಆದರೆ ನೂರು ಹೆಜ್ಜೆ ನಡೆದರೆ ಎಡ ಕುಂಡಿ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಹೇಳಿದ್ದೇ ಆದರೂ ಅನುಭವಿಸುವಾಗ ಬೇರೆಯೇ. ಒಳ ಕವಲು ಮುಚ್ಚಿಸಿಕೊಂಡವರಲ್ಲಿ ಸುಮಾರು ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ನಡೆಯುವುದನ್ನು ಬಿಡಬಾರದು ಅಷ್ಟೇ. ನೋವು ಬರುವ ತನಕ ನಡೆಯಿರಿ, ನಿಲ್ಲಿ, ಮತ್ತೆ ನಡೆಯಿರಿ ಅಂತ ಹೇಳಿದೆ. ಅವರು ದಿನಾ ಸಂಜೆ ಗದ್ದೆ ಹಾಳಿ ಮೇಲೆ ಹಾಗೇ ಮಾಡಿದರು. ಆರು ತಿಂಗಳಿಗೆ ಪೇಟೆವರೆಗೆ ನಿಲ್ಲದೆ ನಡೆಯುವಷ್ಟಾಯಿತು.

ಒಂದು ತಿಂಗಳ ಸ್ಕ್ಯಾನಿನಲ್ಲಿ ಸಣ್ಣ ಸೋರಿಕೆ ಕಂಡಿತು. ಪಕ್ಕದ ಒಂದು ಸಣ್ಣ ನಾಳದಿಂದ ಉಬ್ಬಿನೊಳಗೆ ರಕ್ತ ಹಿಮ್ಮುಖವಾಗಿ ಬರುತ್ತಿತ್ತು. ಕೊಳವೆಯ ತುದಿಯಿಂದ ಸೋರಿದರೆ ತುರ್ತು. ಇಂಥ ಹಿಮ್ಮುಖ ಸೋರಿಕೆಯಲ್ಲಿ ಉಬ್ಬು ದೊಡ್ಡದಾಗದಿದ್ದರೆ ಕಾಯಬಹುದು. ಕಾದರು. ಆರು ತಿಂಗಳಿಗೆ ಮಾಡಿದ ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಅದು ಇರಲಿಲ್ಲ. ಕಿಡ್ನಿ ಉಳಿಸಲು ಈ ಸಲ ಬಣ್ಣದ ದ್ರವ ಬಿಡದೆ, ಅಲ್ಟ್ರಾಸೌಂಡ್ ಮತ್ತು ಸಾದಾ ಸಿಟಿಯಲ್ಲೇ ಅಳತೆ ನೋಡಿದರು. ಉಬ್ಬು 4.6ರಿಂದ 4.1ಕ್ಕೆ ಇಳಿದಿತ್ತು. ಒಂದು ವರ್ಷಕ್ಕೆ 3.7. ಡಿಜೆ ಸ್ಟೆಂಟ್ ನಡುವೆ ಒಮ್ಮೆ ಬದಲಾಯಿಸಿ, ಹತ್ತನೇ ತಿಂಗಳಲ್ಲಿ ತೆಗೆದರು. ತೆಗೆದ ಮೇಲೂ ಕಿಡ್ನಿ ಮತ್ತೆ ಊದಲಿಲ್ಲ. ಕ್ರಿಯಾಟಿನಿನ್ ಈಗ 1.2. ತೆರೆದ ಆಪರೇಷನ್ ಆಗಿದ್ದರೆ ಈ ಹತ್ತು ತಿಂಗಳ ಡಿಜೆ ಕಿರಿಕಿರಿ ಇರುತ್ತಿರಲಿಲ್ಲ ಅನ್ನುವುದು ನಿಜ. ಆ ಆಪರೇಷನ್ನನ್ನು ಅವರ ಶ್ವಾಸಕೋಶ ತಡೆಯುತ್ತಿತ್ತಾ ಅನ್ನುವ ಪ್ರಶ್ನೆಯೂ ಅಷ್ಟೇ ನಿಜ.

ಬೀಡಿ ಬಿಟ್ಟಿದ್ದಾರೆ. ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಆಸ್ಪಿರಿನ್ ತಪ್ಪದೆ ನಡೆಯುತ್ತಿದೆ. ಮಾತ್ರೆ ಡಬ್ಬಿ ಹೆಂಡತಿಯ ಕೈಯಲ್ಲಿದೆ. ಮೊಣಕಾಲ ಹಿಂದಿನ ರಕ್ತನಾಳಗಳನ್ನೂ ನೋಡಿಸಿದೆವು, ಯಾಕೆಂದರೆ ಒಂದು ಕಡೆ ಅನ್ಯೂರಿಸಂ ಇದ್ದವರಲ್ಲಿ ಅಲ್ಲೂ ಇರುವುದುಂಟು. ಅಲ್ಲಿ ಏನೂ ಇರಲಿಲ್ಲ. ಸ್ಟೆಂಟ್ ಗ್ರಾಫ್ಟ್ ಇರುವವರೆಗೆ ವರ್ಷಕ್ಕೊಂದು ಸ್ಕ್ಯಾನ್ ಬೇಕು. ಬಲ ಇಲಿಯಾಕ್ ಅಳತೆಯೂ ಅದೇ ಹೊತ್ತಿಗೆ ಆಗುತ್ತದೆ. ಅದು ಬೆಳೆದರೆ ಒಳ ಕವಲನ್ನು ಹೇಗಾದರೂ ಉಳಿಸಿಕೊಂಡೇ ದುರಸ್ತಿ ಮಾಡಬೇಕಾಗುತ್ತದೆ, ಎಡಗಡೆಯದು ಈಗಾಗಲೇ ಮುಚ್ಚಿರುವುದರಿಂದ.

ಇನ್ನು ಮನೆಯವರ ವಿಷಯ. ಬ್ರಿಟನ್‌ನಲ್ಲಿ 65 ತುಂಬಿದ ಗಂಡಸರಿಗೆಲ್ಲ ಹೊಟ್ಟೆಯ ರಕ್ತನಾಳದ ಸ್ಕ್ಯಾನ್ ಮಾಡುವ ಪದ್ಧತಿ ಇದೆ. ಅಮೆರಿಕದಲ್ಲಿ 65ರಿಂದ 75ರೊಳಗಿನ, ಯಾವತ್ತಾದರೂ ಹೊಗೆ ಸೇದಿದ ಗಂಡಸರಿಗೆ ಒಮ್ಮೆ ಮಾಡಿಸಿ ಅನ್ನುತ್ತಾರೆ. ನಮ್ಮಲ್ಲಿ ಅಂಥ ಏರ್ಪಾಡು ಇಲ್ಲ. ಆದರೆ ಅಣ್ಣ ತಮ್ಮಂದಿರನ್ನಾದರೂ ನೋಡಬಹುದಲ್ಲ. ಇವರಿಗೆ ಒಬ್ಬ ತಮ್ಮ ಇದ್ದಾರೆ, 64 ವರ್ಷ, ಅವರಿಗೂ ಬೀಡಿ. ಯಾವ ತೊಂದರೆಯೂ ಇಲ್ಲ, ಸ್ಕ್ಯಾನ್ ಯಾಕೆ ಅಂತ ಮೂರು ತಿಂಗಳು ತಳ್ಳಿದರು. ಕೊನೆಗೆ ಅಣ್ಣನೇ ಬೈದು ಕರೆದುಕೊಂಡು ಬಂದರು. ತಮ್ಮನ ಮಹಾಧಮನಿ 3.3 ಸೆಂ.ಮೀ. ಇತ್ತು, ಅಂದರೆ ಸಣ್ಣ ಅನ್ಯೂರಿಸಂ. ಗಂಡಸರಲ್ಲಿ ಮಹಾಧಮನಿಗೆ ಆಪರೇಷನ್ ಯೋಚನೆ ಬರುವುದು ಸಾಮಾನ್ಯವಾಗಿ 5.5ಕ್ಕೆ. ಅಲ್ಲಿಯವರೆಗೆ ಅಳತೆ ನೋಡುತ್ತಾ ಹೋಗುವುದು, ಬಿ.ಪಿ. ಹಿಡಿತದಲ್ಲಿಡುವುದು, ಬೀಡಿ ಬಿಡುವುದು. ತಮ್ಮ ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಮುಂದಿನ ಸ್ಕ್ಯಾನ್ ಅಣ್ಣನ ವಾರ್ಷಿಕ ಸ್ಕ್ಯಾನಿನ ದಿನವೇ ಇಟ್ಟಿದ್ದೇವೆ, ಇಬ್ಬರೂ ಒಟ್ಟಿಗೆ ಬರಲಿ ಅಂತ.